ಗೋವರ್ಧನ ಮೆಹ್ತಾ: ಹೈದರಾಬಾದ್, ಬೆಂಗಳೂರು ಎರಡೂ ಕಡೆ ದುಡಿದ ಸಾವಯವ ರಸಾಯನ ಪ್ರಾಧ್ಯಾಪಕ

ನಿರ್ಣಾ: ನಿರ್ಣಾ, ಚಿಟಗುಪ್ಪ, ಹುಮನಾಬಾದ್ ಕಡೆಯವರಿಗೆ ದೊಡ್ಡ ಆಸ್ಪತ್ರೆ ಇರಲಿ, ದೊಡ್ಡ ಓದು ಇರಲಿ, ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆ ಎರಡೂ ಊರುಗಳ ಹೆಸರಾಂತ ವಿಜ್ಞಾನ ಸಂಸ್ಥೆಗಳನ್ನು ನಡೆಸಿದವರು ಪ್ರೊ. ಗೋವರ್ಧನ ಮೆಹ್ತಾ.

ಅವರ ವಿಷಯ ಸಾವಯವ ರಸಾಯನಶಾಸ್ತ್ರ. ಹೆಸರು ಕೇಳಿ ಸಾವಯವ ಕೃಷಿ ಅಂತ ತಿಳಿಯಬಾರದು. ಇದು ಇಂಗಾಲದ ಸಂಯುಕ್ತಗಳ ಶಾಸ್ತ್ರ. ಕಿರಾಣಿ ಅಂಗಡಿಯ ಸಕ್ಕರೆ, ಎಣ್ಣೆ, ಸೋಪು, ಬಂಕಿನ ಡೀಸೆಲ್, ಮೆಡಿಕಲ್ ಅಂಗಡಿಯ ಬಹುಪಾಲು ಮಾತ್ರೆ ಎಲ್ಲವೂ ಇದರ ಲೆಕ್ಕಕ್ಕೇ ಬರುತ್ತವೆ.

ಮೆಹ್ತಾ ಹುಟ್ಟಿದ್ದು 1943ರಲ್ಲಿ, ರಾಜಸ್ಥಾನದ ಜೋಧಪುರದಲ್ಲಿ. ಪಿಲಾನಿಯಲ್ಲಿ ಓದಿ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಸುಖ್ ದೇವ್ ಅವರ ಕೈಕೆಳಗೆ ಪಿಎಚ್‌.ಡಿ. ಮಾಡಿದರು. ಈ ಸುಖ್ ದೇವ್ ಕೂಡ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರೇ. ಅಮೆರಿಕದಲ್ಲಿ ಸ್ವಲ್ಪ ಕಾಲ ಇದ್ದು ಬಂದ ಮೆಹ್ತಾ, ಕಾನ್ಪುರ ಐಐಟಿಯಲ್ಲಿ ಪಾಠ ಮಾಡಿ, 1977ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಸೇರಿದರು. ಆ ವಿಶ್ವವಿದ್ಯಾಲಯ ಶುರುವಾಗಿ ಆಗ ಮೂರೇ ವರ್ಷ. ಅಲ್ಲಿಯ ರಸಾಯನ ವಿಭಾಗವನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಮರುವರ್ಷವೇ ಭಟ್ನಾಗರ್ ಪ್ರಶಸ್ತಿ ಬಂತು. 1994ರಿಂದ 1998ರವರೆಗೆ ಅಲ್ಲಿಯೇ ಕುಲಪತಿ, ಆಮೇಲೆ 2005ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ. 2000ರಲ್ಲಿ ಪದ್ಮಶ್ರೀ.

ಜನಸಾಮಾನ್ಯರಿಗೆ ಅವರ ಹೆಸರು ಮುಟ್ಟಿದ್ದು ಮಾತ್ರ ವೀಸಾ ಗದ್ದಲದಿಂದ. 2006ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಸಮ್ಮೇಳನಕ್ಕೆ ಹೋಗಲು ಚೆನ್ನೈನ ಅಮೆರಿಕ ಕಾನ್ಸುಲೇಟ್‌ನಲ್ಲಿ ಅರ್ಜಿ ಹಾಕಿದ್ದರು. ನಿಮ್ಮ ವಿದ್ಯೆ ರಾಸಾಯನಿಕ ಅಸ್ತ್ರಕ್ಕೂ ಬಳಕೆಯಾಗಬಹುದು ಎಂಬ ಅನುಮಾನ ಅಲ್ಲಿ ಎದುರಾಯಿತು. ಆಗ ಅವರು ಜಗತ್ತಿನ ವಿಜ್ಞಾನ ಸಂಘಟನೆಗಳ ಅಂತಾರಾಷ್ಟ್ರೀಯ ಮಂಡಳಿಯ ಅಧ್ಯಕ್ಷರು! ಅಮೆರಿಕಕ್ಕೆ ಹಿಂದೆ ಎಷ್ಟೋ ಸಲ ಹೋಗಿ ಬಂದವರು. ಅಧ್ಯಕ್ಷ ಬುಷ್ ಭಾರತಕ್ಕೆ ಬರುವ ದಿನಗಳು ಹತ್ತಿರವಿದ್ದವು, ಸುದ್ದಿ ದೊಡ್ಡದಾಯಿತು. ವೀಸಾ ನಿರಾಕರಿಸಿಲ್ಲ, ಹೆಚ್ಚಿನ ಪರಿಶೀಲನೆ ಬೇಕಿತ್ತು ಎಂದು ಅಮೆರಿಕದವರು ಸಮಜಾಯಿಷಿ ಕೊಟ್ಟರು, ವಿಷಾದವನ್ನೂ ಹೇಳಿ ವೀಸಾ ಕೊಟ್ಟರು. ಮೆಹ್ತಾ ಹೋಗಲೇ ಇಲ್ಲ. ಕೊಟ್ಟಾಗ ತಗೊಂಡು ಸುಮ್ಮನೆ ವಿಮಾನ ಹತ್ತುವವರೇ ಜಾಸ್ತಿ ಇರುವಾಗ, ಇದು ಸಣ್ಣ ಮಾತಲ್ಲ.

ನಿವೃತ್ತಿ ನಂತರ ಅವರು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾಗಿ ಮತ್ತೆ ಹೈದರಾಬಾದ್ ವಿಶ್ವವಿದ್ಯಾಲಯಕ್ಕೇ ಬಂದರು.

ಔಷಧಿ ಗುಣವಿರುವ ಗಿಡಮೂಲಿಕೆಗಳಲ್ಲಿ ಸಿಗುವ ಜಟಿಲ ಅಣುಗಳನ್ನು ಪ್ರಯೋಗಾಲಯದಲ್ಲೇ ಕಟ್ಟುವುದು ಅವರ ಮುಖ್ಯ ಕಸುಬು. ಅದರ ಜೊತೆಗೆ ಇನ್ನೊಂದು ಅಣುವಿನ ಕಥೆಯಿದೆ. ಅರವತ್ತು ಇಂಗಾಲದ ಪರಮಾಣುಗಳು ಫುಟ್‌ಬಾಲ್ ಆಕಾರದಲ್ಲಿ ಕೂಡಿಕೊಂಡ ಅಣು 1985ರಲ್ಲಿ ಪತ್ತೆಯಾಗಿತ್ತು. ಆ ಚೆಂಡಿನಿಂದ ಒಂದು ಬಟ್ಟಲಿನಷ್ಟು ಭಾಗ ಕತ್ತರಿಸಿದರೆ ಹೇಗಿರುತ್ತದೋ ಅಂಥ ಅಣುವನ್ನು ಮಾಡಲು ಮೆಹ್ತಾ ತಂಡ ಕೈಹಾಕಿತು. ನಡುವೆ ಒಂದು ಷಟ್ಕೋನ, ಸುತ್ತಲೂ ಆರು ಉಂಗುರಗಳು, ನೋಡಲಿಕ್ಕೆ ಥೇಟ್ ಹೂವು. ಅದಕ್ಕೇ 1993ರಲ್ಲಿ ‘ಸುಮನೀನ್’ ಅಂತ ಹೆಸರಿಟ್ಟರು. ನಮ್ಮ ಸುಮ, ಸುಮನ ಎನ್ನುವ ಅದೇ ಪದ. ಆದರೆ ಆ ಪ್ರಯತ್ನದಲ್ಲಿ ಅಣು ಕೈಗೂಡಲಿಲ್ಲ. ಹತ್ತು ವರ್ಷದ ನಂತರ, 2003ರಲ್ಲಿ, ಜಪಾನಿನ ಒಸಾಕಾದ ವಿಜ್ಞಾನಿಗಳು ಬೇರೆ ದಾರಿಯಿಂದ ಅದನ್ನು ತಯಾರಿಸಿದರು. ಮೆಹ್ತಾ ಇಟ್ಟ ಹೆಸರನ್ನು ಮಾತ್ರ ಅವರು ಬದಲಿಸಲಿಲ್ಲ.