ಕೀಲಿಮಣೆಯ ಒಳದಾರಿಗಳು

ತಾಲ್ಲೂಕು ಕಚೇರಿಯ ಗುಮಾಸ್ತರಾಗಲಿ, ಲಗ್ನಪತ್ರಿಕೆ ಜೋಡಿಸಿಕೊಡುವ ಡಿಟಿಪಿ ಅಂಗಡಿಯ ಹುಡುಗನಾಗಲಿ, ಮಹಾಪ್ರಬಂಧವನ್ನು ತಿದ್ದುತ್ತ ಕುಳಿತ ಸಂಶೋಧನ ವಿದ್ಯಾರ್ಥಿನಿಯಾಗಲಿ, ಕಂಪ್ಯೂಟರಿನ ಮುಂದೆ ಕುಳಿತ ಮೇಲೆ ಇವರೆಲ್ಲರ ಎಡಗೈ ಆಡುವ ಆಟ ಒಂದೇ. ಕಿರುಬೆರಳು ಕಂಟ್ರೋಲ್ ಕೀಲಿಯನ್ನು ಅದುಮಿ ಹಿಡಿದಿರುವಾಗ ಇನ್ನೊಂದು ಬೆರಳು ಎ ಅಕ್ಷರವನ್ನು ಒತ್ತಿದರೆ ಬರಹವೆಲ್ಲವೂ ಒಮ್ಮೆಗೇ ಬಣ್ಣ ತಳೆದು ನಿಲ್ಲುತ್ತದೆ; ಸಿ ಒತ್ತಿದರೆ ಯಂತ್ರದ ಸ್ಮೃತಿಯನ್ನು ಅದರ ಒಂದು ಪ್ರತಿ ಸೇರುತ್ತದೆ; ವಿ ಒತ್ತಿದರೆ ಆ ಪ್ರತಿ ಬೇಕಾದೆಡೆಗೆ ಬಂದು ಕೂರುತ್ತದೆ. ಮನಸ್ಸು ಆಜ್ಞೆ ಕೊಡುವುದಕ್ಕೆ ಮೊದಲೇ ಕೈ ಕೆಲಸವನ್ನು ಮುಗಿಸಿರುತ್ತದೆ. ಇಷ್ಟು ಸಹಜವಾಗಿಬಿಟ್ಟಿರುವ ಈ ಅಭ್ಯಾಸ ಯಂತ್ರದೊಡನೆ ತಾನಾಗಿ ಹುಟ್ಟಿದುದಲ್ಲ. ಬರೆಯುವವರು ಹೇಗೆ ಬರೆಯುತ್ತಾರೆ, ತಿದ್ದುವವರು ಹೇಗೆ ತಿದ್ದುತ್ತಾರೆ ಎಂಬುದನ್ನು ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ನೋಡಿದ ಕೆಲವರ ಶ್ರದ್ಧೆಯಿಂದ ಅದು ರೂಪುಗೊಂಡಿತು. ಆ ಶ್ರದ್ಧೆಯ ಚರಿತ್ರೆ ಕನ್ನಡಿಗರಾದ ನಮಗೂ ಪಾಠ ಹೇಳತಕ್ಕದ್ದಾಗಿದೆ.

ಒಂದು ಕೀಲಿಯನ್ನು ಹಿಡಿದುಕೊಂಡು ಇನ್ನೊಂದನ್ನು ಒತ್ತುವ ಪದ್ಧತಿಯ ಮೂಲ ಬೆರಳಚ್ಚು ಯಂತ್ರದಲ್ಲಿದೆ. ಆರಂಭದ ರೆಮಿಂಗ್ಟನ್ ಯಂತ್ರ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಮಾತ್ರ ಅಚ್ಚೊತ್ತುತ್ತಿದ್ದಿತು. 1878ರಲ್ಲಿ ಬಂದ ಎರಡನೆಯ ರೆಮಿಂಗ್ಟನ್ ಮಾದರಿಯಲ್ಲಿ ಶಿಫ್ಟ್ ಕೀಲಿ ಸೇರಿ, ಒಂದೊಂದು ಕೀಲಿಗೂ ಎರಡೆರಡು ಅಕ್ಷರಗಳ ಸಾಮರ್ಥ್ಯ ಪ್ರಾಪ್ತವಾಯಿತು. ಕಂಟ್ರೋಲ್ ಕೀಲಿ ಟೆಲಿಪ್ರಿಂಟರುಗಳ ಬಳುವಳಿ. 1963ರಲ್ಲಿ ಅಮೆರಿಕೆಯಲ್ಲಿ ಆಸ್ಕಿ ಎಂಬ ಸಂಕೇತಮಾನ ಪ್ರಕಟವಾದಾಗ ಅದರ ಮೊದಲಿನ 32 ಸ್ಥಾನಗಳನ್ನು ಅಕ್ಷರಗಳಿಗೆ ಕೊಡದೆ, ಯಂತ್ರಕ್ಕೆ ಅಪ್ಪಣೆ ಕೊಡುವ ಸಂಜ್ಞೆಗಳಿಗೆ ಮೀಸಲಿಟ್ಟರು. ಕಂಟ್ರೋಲ್ ಹಿಡಿದು ಅಕ್ಷರವೊಂದನ್ನು ಒತ್ತಿದರೆ ಆ ಅಕ್ಷರದ ಸಂಖ್ಯೆಯಿಂದ 64 ಕಳೆದುಹೋಗಿ ಅಂತಹದೊಂದು ಸಂಜ್ಞೆ ಹೊರಡುವುದು. ದೊಡ್ಡಕ್ಷರ ಸಿ ಎಂಬುದರ ಸಂಖ್ಯೆ 67. ಕಂಟ್ರೋಲಿನೊಡನೆ ಅದು 3 ಆಗಿ, ‘ಪಠ್ಯ ಮುಗಿಯಿತು’ ಎಂಬ ಅರ್ಥವನ್ನು ಪಡೆಯುತ್ತಿದ್ದಿತು. ಜಿ ಅಕ್ಷರದ 71 ಇಳಿದು 7 ಆದಾಗ ದೂರದೂರಿನ ಯಂತ್ರದಲ್ಲಿ ಗಂಟೆಯೇ ಬಾರಿಸುತ್ತಿದ್ದಿತು. ಹೀಗೆ ಅಕ್ಷರ ಬರೆಯುವ ಕೀಲಿಯೇ ಅಪ್ಪಣೆ ಕೊಡುವ ಕೀಲಿಯೂ ಆಗಬಲ್ಲದೆಂಬ ತತ್ತ್ವ ಅಂದಿಗೇ ಸ್ಥಿರವಾಯಿತು.

ಆದರೆ ಅಪ್ಪಣೆ ಯಾವುದರ ಮೇಲೆ ನಡೆಯಬೇಕು? ಬರಹದ ಒಂದು ಭಾಗವನ್ನು ತೆರೆಯ ಮೇಲೆ ಬೊಟ್ಟು ಮಾಡಿ ‘ಇದು’ ಎಂದು ತೋರಿಸುವ ಬಗೆ ಅಂದು ಸಾಮಾನ್ಯರಿಗೆ ಕಲ್ಪನೆಗೂ ನಿಲುಕದುದಾಗಿದ್ದಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಅವರು ಸುಮಾರು ಸಾವಿರ ಮಂದಿ ಕಂಪ್ಯೂಟರ್ ತಜ್ಞರೆದುರು ಅದನ್ನು ಮಾಡಿ ತೋರಿಸಿದರು. ಅವರ ಬಲಗೈಯಲ್ಲಿ ಮೌಸ್ ಇದ್ದಿತು. ಎಡಗೈಯ ಕೆಳಗೆ ಐದೇ ಕೀಲಿಗಳ ಪುಟ್ಟ ಪೆಟ್ಟಿಗೆಯೊಂದಿದ್ದು, ವೀಣೆಯ ತಂತಿಗಳನ್ನು ಕೂಡಿಸಿ ಮೀಟುವಂತೆ ಆ ಕೀಲಿಗಳನ್ನು ಕೂಡಿಸಿ ಒತ್ತಿದಾಗ 31 ಬಗೆಯ ಸಂಜ್ಞೆಗಳು ಹೊರಡುತ್ತಿದ್ದುವು. ಮನೆಗೆ ಕೊಂಡೊಯ್ಯಬೇಕಾದ ಸಾಮಾನುಗಳ ಪಟ್ಟಿಯೊಂದನ್ನು ಎಲ್ಲರ ಕಣ್ಣೆದುರು ಟೈಪಿಸಿ, ಅದರ ಸಾಲುಗಳನ್ನು ಸರಿಸಿ, ವಿಂಗಡಿಸಿ ತೋರಿಸಿದಾಗ ಸಭೆ ಎದ್ದು ನಿಂತು ಕರತಾಡನ ಮಾಡಿತು. ಆದರೂ ಆ ವ್ಯವಸ್ಥೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದವರು ಮಾತ್ರ ಬಳಸಬಲ್ಲವರಾಗಿದ್ದರು. ಮೊದಲು ‘ಅಳಿಸು, ಪದವನ್ನು’ ಎಂದು ಆಜ್ಞೆಯನ್ನು ಟೈಪಿಸಿ, ತರುವಾಯ ಯಾವ ಪದವೆಂಬುದನ್ನು ತೋರಿಸಬೇಕಾಗಿದ್ದಿತು. ಕ್ರಿಯೆ ಮುಂದು, ಕರ್ಮ ಹಿಂದು.

ಇದಾದ ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯ ಆಲ್ಟೊ ಎಂಬ ಕಂಪ್ಯೂಟರನ್ನು ನಿರ್ಮಿಸಿತು. ಅದಕ್ಕಾಗಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮೊದಲಾದವರು 1974ರಲ್ಲಿ ರಚಿಸಿದ ಬ್ರಾವೊ ಎಂಬ ಬರವಣಿಗೆಯ ತಂತ್ರಾಂಶ ಅಸಾಧಾರಣವಾದುದು. ಕಾಗದದ ಮೇಲೆ ಹೇಗೆ ಮೂಡುವುದೋ ಹಾಗೆಯೇ ತೆರೆಯ ಮೇಲೂ ಅದು ಬರಹವನ್ನು ಕಾಣಿಸುತ್ತಿದ್ದಿತು. ಆದರೆ ಅದರಲ್ಲಿ ಎರಡು ಸ್ಥಿತಿಗಳಿದ್ದುವು: ಒಂದರಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುವುದು, ಇನ್ನೊಂದರಲ್ಲಿ ಅದೇ ಕೀಲಿ ಅಪ್ಪಣೆಯಾಗುವುದು. ಅಪ್ಪಣೆಯ ಸ್ಥಿತಿಯಲ್ಲಿರುವುದನ್ನು ಮರೆತು ಯಾರಾದರೂ ‘ಎಡಿಟ್’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದವನ್ನು ಟೈಪಿಸಿದರೆ ಒದಗುತ್ತಿದ್ದ ಅನಾಹುತ ಆ ವಲಯದಲ್ಲಿ ಪ್ರಸಿದ್ಧ. ಮೊದಲಿನ ಇ ‘ಎಲ್ಲವನ್ನೂ ಆಯ್ದುಕೊ’ ಎಂಬ ಆಜ್ಞೆ, ಡಿ ‘ಅಳಿಸು’, ಐ ‘ಇನ್ನು ಬರಹವನ್ನು ಸೇರಿಸು’, ಕೊನೆಯ ಟಿ ಬರಿಯ ಅಕ್ಷರ. ಕಷ್ಟಪಟ್ಟು ಬರೆದ ದಸ್ತಾವೇಜು ಸಮಸ್ತವೂ ಅಳಿದು, ಅದರ ಜಾಗದಲ್ಲಿ ಒಂಟಿ ಟಿ ಉಳಿಯುವುದು! ಬರೆದವರ ದೋಷವೇನೂ ಇಲ್ಲ. ಯಂತ್ರ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಮನುಷ್ಯ ಸದಾ ನೆನಪಿಟ್ಟುಕೊಂಡಿರಬೇಕೆಂದು ಅಪೇಕ್ಷಿಸಿದ ವಿನ್ಯಾಸದ್ದೇ ದೋಷ.

ಆ ದೋಷವನ್ನು ನಿವಾರಿಸಲು ಜೀವನವಿಡೀ ಶ್ರಮಿಸಿದವರು ಲ್ಯಾರಿ ಟೆಸ್ಲರ್. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1945ರಲ್ಲಿ ಹುಟ್ಟಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ ಅವರು 1973ರಲ್ಲಿ ಜೆರಾಕ್ಸ್ ಸಂಶೋಧನಾಲಯವನ್ನು ಸೇರಿದರು. ಜೆರಾಕ್ಸ್ ಒಡೆತನದಲ್ಲಿದ್ದ ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನಕ್ಕೆ ಒಪ್ಪುವಂತಹ ತಂತ್ರಾಂಶವೊಂದು ಬೇಕಾಗಿದ್ದಿತು. ಅಲ್ಲಿಂದ ಬಂದ ಟಿಮ್ ಮಾಟ್ ಅವರೊಡಗೂಡಿ ಟೆಸ್ಲರ್ ರಚಿಸಿದ ಜಿಪ್ಸಿ 1975ರ ಹೊತ್ತಿಗೆ ಬಳಕೆಗೆ ಸಿದ್ಧವಾಯಿತು. ಅದರ ರಚನೆಗೆ ಪೂರ್ವದಲ್ಲಿ ಅವರು ಅನುಸರಿಸಿದ ಮಾರ್ಗವೇ ನನಗೆ ಅತ್ಯಂತ ಆದರಣೀಯವಾಗಿ ತೋರುವುದು. ಅದುವರೆಗೆ ಇಂತಹ ಯಂತ್ರದಲ್ಲಿ ತರಬೇತಿಯನ್ನೇ ಪಡೆಯದಿದ್ದ ಕಾರ್ಯದರ್ಶಿಯೊಬ್ಬರನ್ನು ಏನೂ ಮೂಡದ ಖಾಲಿ ತೆರೆಯ ಮುಂದೆ ಕುಳ್ಳಿರಿಸಿ, ಕರಡು ತಿದ್ದಿದ ಹಾಳೆಯೊಂದನ್ನು ಅವರ ಕೈಗಿತ್ತು, ‘ಈ ಬರಹ ತೆರೆಯ ಮೇಲಿದೆಯೆಂದು ಭಾವಿಸಿರಿ, ಈ ತಿದ್ದುಪಡಿಯನ್ನು ಹೇಗೆ ಮಾಡುವಿರಿ?’ ಎಂದು ಟೆಸ್ಲರ್ ಕೇಳಿದರು. ಸೇರಿಸಬೇಕಾದ ಕಡೆ ತೋರಿಸಿ ಟೈಪಿಸುತ್ತೇನೆ, ತೆಗೆಯಬೇಕಾದುದರ ಮೇಲೆ ಗೆರೆ ಎಳೆದಂತೆ ಎಳೆಯುತ್ತೇನೆ ಎಂಬ ಧಾಟಿಯ ಉತ್ತರಗಳು ಬಂದುವು. ಪ್ರಕಾಶನದ ಸಂಪಾದಕರು ಕತ್ತರಿಯಿಂದ ಹಾಳೆಯ ತುಂಡನ್ನು ಕತ್ತರಿಸಿ, ಗೋಂದು ಹಚ್ಚಿ ಬೇರೆಡೆ ಅಂಟಿಸುತ್ತಿದ್ದುದನ್ನೂ ಅವರು ಕಂಡಿದ್ದರು. ಇವೆಲ್ಲವೂ ಜಿಪ್ಸಿಯೊಳಕ್ಕೆ ಬಂದುವು: ಮೌಸನ್ನು ಎಳೆದು ಬರಹವನ್ನು ಆಯುವುದು, ಆಯ್ದುದನ್ನು ಕಟ್ ಮಾಡಿ ಪೇಸ್ಟ್ ಮಾಡುವುದು. ಯಾವ ಸ್ಥಿತಿಯಲ್ಲಿದ್ದೇವೆಂಬ ಚಿಂತೆಯೇ ಬೇಡ. ಅಕ್ಷರ ಒತ್ತಿದರೆ ಅಕ್ಷರವೇ ಮೂಡುವುದು.

ಇಲ್ಲಿ ನೆಲೆನಿಂತ ಕ್ರಮ ಇಂದಿನ ಎಲ್ಲ ಶಾರ್ಟ್‌ಕಟ್‌ಗಳಿಗೂ ಆಧಾರವಾದುದು. ಮೊದಲು ವಸ್ತುವನ್ನು ಆಯ್ದುಕೊಳ್ಳಬೇಕು, ಆಮೇಲೆ ಕ್ರಿಯೆಯನ್ನು ಹೇಳಬೇಕು. ಆಯ್ದ ಭಾಗ ಬಣ್ಣಗೂಡಿ ಕಣ್ಣಿಗೆ ಕಾಣುತ್ತಿರುವುದರಿಂದ ಆಜ್ಞೆ ಯಾವುದರ ಮೇಲೆ ನಡೆಯುವುದೆಂಬ ಸಂಶಯಕ್ಕೆ ಎಡೆಯಿಲ್ಲ. ತಪ್ಪಾಗಿ ಆಯ್ದಿದ್ದರೆ ಯಾವ ನಷ್ಟವೂ ಇಲ್ಲದೆ ಮತ್ತೆ ಆಯಬಹುದು. ‘ಈ ಸಾಲನ್ನು ತೆಗೆ’ ಎಂದು ಕರ್ಮಪದವನ್ನು ಮುಂದಿಟ್ಟು ಕ್ರಿಯಾಪದವನ್ನು ಕಡೆಗೆ ಹೇಳುವ ನಮಗೆ ಈ ಕ್ರಮ ಮಾತಿನಷ್ಟೇ ಸಹಜ. ಕ್ರಿಯೆಯನ್ನು ಮುಂದಿಡುವ ಭಾಷೆಯವರು ಪ್ರಯೋಗ ಮಾಡಿ ನೋಡಿ ಇದಕ್ಕೆ ಬಂದು ಸೇರಿದರೆಂಬುದು ಗಮನಾರ್ಹ.

ಟೆಸ್ಲರ್ 1980ರಲ್ಲಿ ಆ್ಯಪಲ್ ಸಂಸ್ಥೆಗೆ ಹೋದರು. 1983ರ ಜನವರಿಯಲ್ಲಿ ಹೊರಬಂದ ಲೀಸಾ ಕಂಪ್ಯೂಟರಿನಲ್ಲಿಯೂ, ಮರುವರ್ಷದ ಮ್ಯಾಕಿಂಟಾಷ್‌ನಲ್ಲಿಯೂ ಕಟ್, ಕಾಪಿ, ಪೇಸ್ಟ್‌ಗಳಿಗೆ ಎಕ್ಸ್, ಸಿ, ವಿ ಅಕ್ಷರಗಳು ನಿಶ್ಚಿತವಾದುವು. ಎಕ್ಸ್ ಹೊಡೆದುಹಾಕಿದ ಗುರುತು. ಸಿ ಕಾಪಿಯ ಮೊದಲಕ್ಷರ. ವಿ ಕರಡು ತಿದ್ದುವವರು ಸೇರ್ಪಡೆಗೆ ಹಾಕುವ ಗುರುತನ್ನು ತಲೆಕೆಳಗು ಮಾಡಿದಂತಿರುವುದು. ಮಾಡಿದುದನ್ನು ರದ್ದುಪಡಿಸುವ ಝಡ್ ಇವುಗಳ ಪಕ್ಕದಲ್ಲಿಯೇ ಉಂಟು. ನಾಲ್ಕೂ ಕೀಲಿಮಣೆಯ ಕೆಳಸಾಲಿನಲ್ಲಿ ಒತ್ತೊತ್ತಾಗಿರುವುದರಿಂದ ಬಲಗೈ ಮೌಸಿನ ಮೇಲಿರುವಾಗಲೂ ಎಡಗೈಯೊಂದೇ ಈ ಕೆಲಸಗಳನ್ನೆಲ್ಲ ಪೂರೈಸಬಲ್ಲುದು. ಈ ಅಕ್ಷರಗಳೊಡನೆ ಹಿಡಿಯಬೇಕಾದ, ಮ್ಯಾಕಿಂಟಾಷ್‌ನ ಕಮಾಂಡ್ ಕೀಲಿಗೆ ಚಿಹ್ನೆಯನ್ನು ಅರಸುತ್ತಿದ್ದ ಸುಸಾನ್ ಕೇರ್ ಅವರಿಗೆ ಚಿಹ್ನೆಗಳ ಕೋಶವೊಂದರಲ್ಲಿ ಸಿಕ್ಕಿದುದು, ಸ್ವೀಡನ್ನಿನಲ್ಲಿ ಪ್ರೇಕ್ಷಣೀಯ ಸ್ಥಳಗಳನ್ನು ಸೂಚಿಸುವ ನಾಲ್ಕು ಕುಣಿಕೆಗಳ ಚೌಕ. ಆ ಮೊದಲ ಮ್ಯಾಕಿಂಟಾಷ್‌ನ ಕೀಲಿಮಣೆಯಲ್ಲಿ ಬಾಣದ ಕೀಲಿಗಳೇ ಇರಲಿಲ್ಲ. ಜನರು ಮೌಸನ್ನೇ ಹಿಡಿಯಲೆಂದು ಬೇಕೆಂದೇ ಅವನ್ನು ಕೈಬಿಟ್ಟಿದ್ದರು.

ಕೀಲಿಮಣೆಯಿಂದ ಕೈ ತೆಗೆಯದೆಯೇ ಬರಹವನ್ನು ಆಯುವ ವಿದ್ಯೆ ಮಾತ್ರ ಬೇರೆ ಪರಂಪರೆಗಳಲ್ಲಿ ಬೆಳೆದಿದ್ದಿತು. 1978ರ ಸುಮಾರಿಗೆ ರಾಬ್ ಬಾರ್ನಬಿ ಬರೆದ ವರ್ಡ್‌ಸ್ಟಾರ್ ತಂತ್ರಾಂಶದಲ್ಲಿ, ಬಾಣದ ಕೀಲಿಗಳಿಲ್ಲದ ಯಂತ್ರಗಳೇ ಹೆಚ್ಚಾಗಿದ್ದುದರಿಂದ, ಕಂಟ್ರೋಲಿನೊಡನೆ ಇ, ಎಸ್, ಡಿ, ಎಕ್ಸ್ ಅಕ್ಷರಗಳು ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ ಸಾಗಿಸುತ್ತಿದ್ದುವು. ಕಂಟ್ರೋಲ್ ಕೆ ಒತ್ತಿ ಬಿ ಒತ್ತಿದರೆ ಆಯ್ಕೆಯ ಆರಂಭ, ಕೆ ಒತ್ತಿದರೆ ಅಂತ್ಯ. ತರುವಾಯ ಸಿ ಒತ್ತಿದರೆ ಪ್ರತಿ, ವಿ ಒತ್ತಿದರೆ ಸ್ಥಳಾಂತರ. ನಮ್ಮ ದೇಶದ ಎಷ್ಟೋ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಮೊದಲ ತಲೆಮಾರಿನ ವಿದ್ಯಾರ್ಥಿಗಳು ಈ ಜೋಡಿಗಳನ್ನು ಮಗ್ಗಿಯಂತೆ ಕಂಠಪಾಠ ಮಾಡಿದರು. 1987ರಲ್ಲಿ ಐಬಿಎಂ ಸಂಸ್ಥೆ ಎಲ್ಲ ತಂತ್ರಾಂಶಗಳಿಗೂ ಸಮಾನವಾದ ನಿಯಮಾವಳಿಯನ್ನು ಪ್ರಕಟಿಸಿ, ಕಟ್‌ಗೆ ಶಿಫ್ಟ್ ಡಿಲೀಟ್, ಕಾಪಿಗೆ ಕಂಟ್ರೋಲ್ ಇನ್ಸರ್ಟ್, ಪೇಸ್ಟ್‌ಗೆ ಶಿಫ್ಟ್ ಇನ್ಸರ್ಟ್ ಎಂದು ವಿಧಿಸಿತು. ಅವು ಕೀಲಿಮಣೆಯ ಬಲತುದಿಗೆ ಕೈಯನ್ನು ಎಳೆದೊಯ್ಯುತ್ತಿದ್ದುದರಿಂದ ಜನಪ್ರಿಯವಾಗಲಿಲ್ಲ; 1992ರ ವಿಂಡೋಸ್ 3.1 ಆ್ಯಪಲ್‌ನ ಅಕ್ಷರಗಳನ್ನೇ ಕಂಟ್ರೋಲ್ ಕೀಲಿಗೆ ಜೋಡಿಸಿಕೊಂಡಿತು. ಆದರೆ ಶಿಫ್ಟ್ ಹಿಡಿದು ಬಾಣದ ಕೀಲಿಯಿಂದ ಅಕ್ಷರ ಅಕ್ಷರವಾಗಿಯೂ, ಕಂಟ್ರೋಲನ್ನೂ ಕೂಡಿಸಿ ಪದ ಪದವಾಗಿಯೂ ಆಯ್ಕೆಯನ್ನು ಬೆಳೆಸುತ್ತ ಹೋಗುವ ರೀತಿ ಉಳಿದುಕೊಂಡು, ಇಂದಿಗೂ ವೇಗವಾಗಿ ಕೆಲಸ ಮಾಡುವವರ ನೆಚ್ಚಿನ ಸಾಧನವಾಗಿದೆ.

ಕನ್ನಡದ ವಿಷಯಕ್ಕೆ ಬಂದರೆ, ಬರೆಯುವ ಕೈಯ ಬಗೆಗಿನ ಇಂತಹದೇ ಗೌರವ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕಾಣುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ, ಉಚ್ಚಾರಣೆಯನ್ನನುಸರಿಸಿ, ಕ ಒಂದು ಕೀಲಿಯಲ್ಲಿ, ಶಿಫ್ಟ್ ಹಿಡಿದರೆ ಖ ಅದೇ ಕೀಲಿಯಲ್ಲಿ ಎಂಬಂತೆ ನಮ್ಮ ವರ್ಣಮಾಲೆಯನ್ನು ಅವರು ಅಡಕಗೊಳಿಸಿದರು. ಸರ್ಕಾರ ಅದನ್ನೇ ಶಿಷ್ಟವೆಂದು ಅಂಗೀಕರಿಸಿತು, ನುಡಿ ತಂತ್ರಾಂಶದ ಮೂಲಕ ಅದು ಊರೂರಿನ ಕಚೇರಿಗಳನ್ನು ಮುಟ್ಟಿತು. ಬರೆಯುವ ಸಮಸ್ಯೆ ಹೀಗೆ ಬಗೆಹರಿದರೂ ಆಯುವ ಸಮಸ್ಯೆ ಉಳಿಯಿತು. ಯೂನಿಕೋಡ್ ಸಂಕೇತಮಾನಕ್ಕೆ ಮುಂಚಿನ ಫಾಂಟುಗಳಲ್ಲಿ ಒತ್ತಕ್ಷರ ಬೇರೆಯದೇ ಚೂರಾಗಿದ್ದುದರಿಂದ, ಶಿಫ್ಟ್ ಹಿಡಿದು ಬಾಣದ ಕೀಲಿಯನ್ನು ಒಮ್ಮೆ ಕಡಮೆ ಒತ್ತಿದರೂ ‘ಅಮ್ಮ’ ಎಂಬುದರ ಒತ್ತು ಹಿಂದೆಯೇ ಉಳಿದು, ಅಂಟಿಸಿದ ಕಡೆಯಲ್ಲಿ ‘ಅಮ’ ಬೀಳುತ್ತಿದ್ದಿತು. ಯೂನಿಕೋಡ್‌ನಲ್ಲಿಯೂ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳ ಸಮುದಾಯ; ಕೆಲವು ತಂತ್ರಾಂಶಗಳು ಅದನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತವೆ, ಕೆಲವು ನಡುವೆ ತಡೆದು ನಿಲ್ಲುತ್ತವೆ. ಬ್ಯಾಕ್‌ಸ್ಪೇಸ್ ಅನೇಕ ಕಡೆ ಸಂಕೇತಗಳನ್ನು ಒಂದೊಂದಾಗಿ ಕಳಚುತ್ತದೆ. ಡಿಲೀಟ್ ಅಕ್ಷರವನ್ನು ಇಡಿಯಾಗಿ ನುಂಗುವುದುಂಟು.

ಇದಕ್ಕೆ ಪರಿಹಾರ ಯಾವುದೆಂಬುದನ್ನು ಸಂಕೇತಗಳ ಪಟ್ಟಿಯನ್ನು ನೋಡಿ ನಿರ್ಧರಿಸಲಾಗದು. ಕನ್ನಡದ ಕರಡನ್ನು ದಿನವಿಡೀ ತಿದ್ದುವ ಪತ್ರಿಕಾಲಯದ ಉಪಸಂಪಾದಕರಿಗೆ, ಡಿಟಿಪಿ ಕೆಲಸಗಾರರಿಗೆ, ಪುಸ್ತಕ ಪ್ರಕಾಶಕರಿಗೆ ಅಕ್ಷರವೆಂದರೆ ಯಾವುದು, ಬಾಣದ ಕೀಲಿ ಎಲ್ಲಿ ನಿಂತರೆ ಅವರ ಕೈಗೆ ಒಪ್ಪುತ್ತದೆ, ಗುಣಿತವನ್ನಷ್ಟೇ ತಿದ್ದಬೇಕಾದಾಗ ಅವರು ಏನನ್ನು ಬಯಸುತ್ತಾರೆ ಎಂಬುದನ್ನು ಅವರ ಬಳಿ ಕುಳಿತು ಕೇಳಬೇಕು. ಪಾಲೊ ಆಲ್ಟೊದ ಆ ಪ್ರಶ್ನೆಯನ್ನು ಇಂಗ್ಲಿಷಿನ ಬರಹಗಾರರಿಗೆ ಯಾರೋ ಕೇಳಿದರು; ಅವರ ಉತ್ತರದ ಫಲವನ್ನು ಜಗತ್ತೇ ಉಣ್ಣುತ್ತಿದೆ. ಕನ್ನಡದ ಬರಹಗಾರರಿಗೂ ಅದೇ ಪ್ರಶ್ನೆಯನ್ನು ಕೇಳಿ, ಅವರು ಕೊಟ್ಟ ಉತ್ತರವನ್ನೇ ಎಲ್ಲ ತಂತ್ರಾಂಶಗಳಿಗೂ ನಿಯಮವಾಗಿ ಮಾಡತಕ್ಕದ್ದು ನಮ್ಮ ವಿಶ್ವವಿದ್ಯಾಲಯಗಳ, ಸರ್ಕಾರದ, ತಂತ್ರಾಂಶ ರಚಿಸುವ ನಮ್ಮ ತರುಣ ತರುಣಿಯರ ಕರ್ತವ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.