ತಪ್ಪು ಮೈಕಿಗೆ ಊದಿದ ರಾತ್ರಿ

ಇವತ್ತು 'ಎಲಿಂಗ್ಟನ್ ಅಟ್ ನ್ಯೂಪೋರ್ಟ್' ಆಲ್ಬಂ ಕಥೆ. 1956ರ ಜುಲೈ 7, ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವ. ದೊಡ್ಡ ಬ್ಯಾಂಡ್‌ಗಳ ಕಾಲ ಮುಗೀತು ಅನ್ನೋ ಹೊತ್ತಲ್ಲಿ ಡ್ಯೂಕ್ ಎಲಿಂಗ್ಟನ್ ತಮ್ಮ 1937ರ ರಚನೆಯೊಂದನ್ನು ಎತ್ತಿಕೊಂಡರು. ನಡುವೆ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನ್‌ನಲ್ಲಿ ಒಂದೇ ಸಮ 27 ಆವರ್ತ ಊದಿದರು. ಜನ ಎದ್ದು ಕುಣಿದರು. ಆದರೆ ಅವರು ಊದಿದ್ದು ಕೊಲಂಬಿಯಾ ಕಂಪನಿಯ ಮೈಕಿಗಲ್ಲ, ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕಿಗೆ! ಹಾಗಾಗಿ ಆಲ್ಬಂನಲ್ಲಿ ಆ ಸೋಲೋ ಎಲ್ಲೋ ದೂರದಲ್ಲಿ ಕೇಳಿಸುತ್ತೆ. ಉಳಿದದ್ದರಲ್ಲಿ ಎಷ್ಟೋ ಭಾಗ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಅಂಟಿಸಿದ್ದು. ಮುಂದೆ ರೇಡಿಯೋದ ಟೇಪ್ ಸಿಕ್ಕಿತು. ಎರಡೂ ಮೊನೊ ಟೇಪ್ ಹೊಂದಿಸಿ 1999ರಲ್ಲಿ ಸ್ಟೀರಿಯೋ ಮಾಡಿದರು. ಎರಡು ಲಾಗ್ ಫೈಲ್‌ಗಳ ಸಮಯ ಹೊಂದಿಸೋಕೇ ಒದ್ದಾಡೋ ನನಗೆ ಹೊಟ್ಟೆಕಿಚ್ಚಾಗುವಂಥ ಕೆಲಸ. ಗೊನ್ಸಾಲ್ವೆಸ್ ಅದನ್ನು ಕೇಳಲಿಲ್ಲ, 1974ರಲ್ಲೇ ತೀರಿಕೊಂಡಿದ್ದರು.