ಮೂಳೆ ಒಪ್ಪಿಕೊಂಡ ಲೋಹ

ಬಿದ್ದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಲೋಹದ ಬೇರೊಂದನ್ನು ನೆಟ್ಟು, ಅದರ ಮೇಲೆ ಕೃತಕ ಹಲ್ಲನ್ನು ಕೂರಿಸುವ ಇಂಪ್ಲಾಂಟ್ ಚಿಕಿತ್ಸೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೆಲೆಗೊಂಡಿತಾದರೂ ಅದರ ಹಿಂದಿನ ಬಯಕೆ ಬಹಳ ಹಳೆಯದು. ಹೊಂಡುರಾಸ್ ದೇಶದಲ್ಲಿ 1931ರಲ್ಲಿ ದೊರೆತ, ಕ್ರಿ.ಶ. 600ರ ಸುಮಾರಿನದೆಂದು ಎಣಿಸಲಾದ ಕೆಳದವಡೆಯ ತುಣುಕಿನಲ್ಲಿ, ಹಲ್ಲಿನ ಆಕಾರಕ್ಕೆ ಕೆತ್ತಿದ ಚಿಪ್ಪಿನ ಚೂರುಗಳು ಮೂರು ಬಾಚಿಹಲ್ಲುಗಳ ಜಾಗವನ್ನು ತುಂಬಿದ್ದವು. 1970ರ ಸುಮಾರಿನ ಕ್ಷ-ಕಿರಣ ಪರೀಕ್ಷೆಯಲ್ಲಿ ಅವುಗಳ ಸುತ್ತ ಮೂಳೆ ಬೆಳೆದಿರುವುದು ಕಂಡುಬಂದದ್ದರಿಂದ, ಅವು ಶವಕ್ಕೆ ತೊಡಿಸಿದ ಅಲಂಕಾರವಲ್ಲ, ಆ ವ್ಯಕ್ತಿ ಬದುಕಿದ್ದಾಗಲೇ ನೆಟ್ಟವು ಎಂಬ ಅಭಿಪ್ರಾಯ ಬಲಗೊಂಡಿತು.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಶಸ್ತ್ರವೈದ್ಯ ಜಾನ್ ಹಂಟರ್, ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಪರೀಕ್ಷಿಸಿದ್ದಲ್ಲದೆ, ಒಬ್ಬರ ಹಲ್ಲನ್ನು ಕಿತ್ತು ಇನ್ನೊಬ್ಬರ ದವಡೆಗೆ ಕೂರಿಸುವ ಪದ್ಧತಿಗೆ ತನ್ನ ಹೆಸರಿನ ತೂಕವನ್ನೂ ಕೊಟ್ಟನು. ಉಳ್ಳವರ ನಗುವಿಗಾಗಿ ಬಡವರ ಮಕ್ಕಳು ಹಲ್ಲು ಮಾರಿಕೊಂಡ ಈ ವ್ಯವಹಾರ 1787ರಲ್ಲಿ ರೋಲೆಂಡ್‌ಸನ್ ಎಂಬ ಕಲಾವಿದನ ವ್ಯಂಗ್ಯಚಿತ್ರಕ್ಕೂ ವಸ್ತುವಾಯಿತು. ಕಸಿ ಮಾಡಿದ ಹಲ್ಲಿನೊಂದಿಗೆ ರೋಗವೂ ಬರುವುದೆಂಬ ಭಯ ಹಬ್ಬಿದ ಮೇಲೆ ಅದು ಹಿಂದೆ ಸರಿಯಿತು. ಅದನ್ನು ತಡೆಯುವ ಶಕ್ತಿ ನೀತಿಯ ಪ್ರಶ್ನೆಗೆ ಇದ್ದಂತೆ ಕಾಣುವುದಿಲ್ಲ.

ಮುಂದೆ ಲೋಹಗಳ ಸರದಿ ಬಂದಿತು. 1809ರಲ್ಲಿ ಮಾಜಿಯೊಲೊ ಎಂಬಾತ ಚಿನ್ನದ ಬೇರನ್ನು, 1913ರಲ್ಲಿ ಅಮೆರಿಕದ ಗ್ರೀನ್‌ಫೀಲ್ಡ್ ಪ್ಲಾಟಿನಂ ಮತ್ತು ಇರಿಡಿಯಂ ತಂತಿಯ ಪಂಜರವನ್ನು, 1930ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಸ್ಟ್ರಾಕ್ ಸಹೋದರರು ಕೋಬಾಲ್ಟ್ ಹಾಗೂ ಕ್ರೋಮಿಯಂ ಬೆರೆತ ವೈಟಾಲಿಯಂ ಎಂಬ ಮಿಶ್ರಲೋಹದ ತಿರುಪನ್ನು ಬಳಸಿದರು. ಆದರೆ ಇಂಥ ಸಾಧನಗಳ ಸುತ್ತ ಸಾಮಾನ್ಯವಾಗಿ ಮೂಳೆಯ ಬದಲು ನಾರಿನಂಥ ಮೆದು ಅಂಗಾಂಶ ಬೆಳೆದು, ಅಗಿಯುವ ಒತ್ತಡಕ್ಕೆ ಅವು ಸಡಿಲಗೊಳ್ಳುತ್ತಿದ್ದವು.

ಈ ತೊಡಕನ್ನು ಬಿಡಿಸಿದ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ದಂತವೈದ್ಯನೇ ಅಲ್ಲ. ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲೆಂದು 1950ರ ದಶಕದ ಆರಂಭದಲ್ಲಿ ಲುಂಡ್ ನಗರದಲ್ಲಿ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಲೋಹದ ವೀಕ್ಷಣಾ ಕೊಳವೆಯನ್ನು ಕೂರಿಸಿದ್ದ ಆತ, ಕೆಲಸ ಮುಗಿದ ಮೇಲೆ ಅದನ್ನು ಕೀಳಲು ಹೋದಾಗ ಅದು ಮೂಳೆಯೊಂದಿಗೆ ಬೆಸೆದುಕೊಂಡಿತ್ತು. ಈ ಆಕಸ್ಮಿಕವನ್ನು ಎಲ್ಲರೂ ಹೇಳುತ್ತಾರೆ. ಅದರಷ್ಟೇ ಮುಖ್ಯವಾದ ತಾಳ್ಮೆಯ ಕ್ರಮವನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ದವಡೆಯಲ್ಲಿ ಟೈಟಾನಿಯಂ ತಿರುಪನ್ನು ಕೂರಿಸಿದ ಮೇಲೆ ಒಸಡನ್ನು ಹೊಲಿದು ಮುಚ್ಚಿ, ಕೆಳದವಡೆಗೆ ಮೂರು ನಾಲ್ಕು ತಿಂಗಳು, ಮೂಳೆ ಮೆದುವಾಗಿರುವ ಮೇಲ್ದವಡೆಗೆ ಸುಮಾರು ಆರು ತಿಂಗಳು ಭಾರ ಬೀಳದಂತೆ ಕಾದು, ಅನಂತರವೇ ಹಲ್ಲು ಕಟ್ಟಬೇಕೆಂದು ಆತನ ತಂಡ ವಿಧಿಸಿತು. ಕೊರೆಯುವಾಗ ನೀರು ಹಾಯಿಸಿ ತಂಪಾಗಿಡುವುದೂ ಈ ಕ್ರಮದ ಭಾಗವಾಗಿತ್ತು. 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಾಗಿದರೂ ಮೂಳೆಗೆ ಹಾನಿಯೆಂದು ಅದೇ ಬಳಗದ ಸಂಶೋಧಕರು ಮುಂದೆ ಮೊಲಗಳಲ್ಲಿ ತೋರಿಸಿದರು.

1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಚಿಕಿತ್ಸೆ ಪಡೆದ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಆ ತಿರುಪುಗಳು ಆತನ ಬಾಯಲ್ಲಿದ್ದವು. ಆದರೂ ಹೊರಗಿನವನೊಬ್ಬನ ಮಾತನ್ನು ದಂತವೈದ್ಯ ವಲಯ ಬೇಗ ನಂಬಲಿಲ್ಲ. 1982ರ ಟೊರಾಂಟೊ ಸಮ್ಮೇಳನದಲ್ಲಿ ದೀರ್ಘಕಾಲದ ಫಲಿತಾಂಶಗಳನ್ನು ಮುಂದಿಟ್ಟ ಮೇಲೆಯೇ ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳು ಈ ವಿಧಾನವನ್ನು ವ್ಯಾಪಕವಾಗಿ ಕೈಗೆತ್ತಿಕೊಂಡವು. ಮೇಲ್ಮೈಯನ್ನು ಒರಟಾಗಿಸಿದ ಇಂದಿನ ತಿರುಪುಗಳಿಂದ ಕಾಯುವ ಅವಧಿ ಎಷ್ಟೋ ಸಂದರ್ಭಗಳಲ್ಲಿ ವಾರಗಳ ಲೆಕ್ಕಕ್ಕೆ ಇಳಿದಿದ್ದು, ಮೂಳೆ ಗಟ್ಟಿಯಿರುವ ಆಯ್ದ ರೋಗಿಗಳಿಗೆ ಅದೇ ದಿನವೇ ತಾತ್ಕಾಲಿಕ ಹಲ್ಲನ್ನು ಕೂರಿಸುವುದೂ ಉಂಟು.